ಕೆಟ್ಟ ಹೆಸರು ತಳಿಗೋ, ಸರಪಳಿಗೋ?

ಪ್ರಶ್ನೆ: ನಮ್ಮಲ್ಲಿ ಎರಡು ವರ್ಷದ ಗಂಡು ರಾಟ್‌ವೀಲರ್ ಇದೆ, 46 ಕೆಜಿ. ಇದುವರೆಗೆ ಯಾರಿಗೂ ಹಲ್ಲು ತಾಗಿಸಿಲ್ಲ. ಆದರೂ ಬಡಾವಣೆಯ ಸಂಘದವರು ‘ಇದು ಸರ್ಕಾರ ನಿಷೇಧಿಸಿದ ತಳಿ, ಬೇರೆಲ್ಲಾದರೂ ಸಾಗಿಸಿ’ ಎಂದು ಪಟ್ಟು ಹಿಡಿದಿದ್ದಾರೆ. ಈ ತಳಿಗೆ ಅಂಟಿದ ಕೆಟ್ಟ ಹೆಸರು ನಿಜವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕಾನೂನಿನ ಮಾತು ಮೊದಲು ಮುಗಿಸೋಣ. ಕೇಂದ್ರದ ಪಶುಸಂಗೋಪನೆ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿ, 23 ತಳಿಗಳ ಆಮದು, ಮಾರಾಟ, ಸಂತಾನವೃದ್ಧಿ ನಿಲ್ಲಬೇಕು, ಈಗಾಗಲೇ ಮನೆಗಳಲ್ಲಿ ಇರುವವಕ್ಕೆ ಸಂತಾನಹರಣ ಮಾಡಿಸಬೇಕು ಎಂದಿತ್ತು. ಅದರಲ್ಲಿ ರಾಟ್‌ವೀಲರ್ ಹೆಸರೂ ಇತ್ತು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಮುಖ್ಯ ಆಕ್ಷೇಪ. ಸರಿಯಾದ ಕ್ರಮದಲ್ಲಿ ಹೊಸದಾಗಿ ತರಲು ಅಡ್ಡಿಯಿಲ್ಲ ಎಂದೂ ಹೇಳಿತು. ಹೀಗಾಗಿ ನಿಮ್ಮ ಸಂಘದವರು ತೋರಿಸುತ್ತಿರುವುದು ರದ್ದಾದ ಕಾಗದ. ಆದರೆ ಪಾಲಿಕೆಗಳು ತಮ್ಮದೇ ನಿಯಮ ಮಾಡಿಕೊಂಡ ಉದಾಹರಣೆ ಇದೆ (ಉತ್ತರ ಪ್ರದೇಶದ ಗಾಜಿಯಾಬಾದ್ 2022ರಲ್ಲಿ ಮಾಡಿತು), ಆದ್ದರಿಂದ ನಿಮ್ಮ ಪಾಲಿಕೆಯಲ್ಲಿ ಒಮ್ಮೆ ವಿಚಾರಿಸಿ, ಪರವಾನಗಿ ಮಾಡಿಸಿಟ್ಟುಕೊಳ್ಳಿ.

ಆ ಪಟ್ಟಿಯನ್ನು ಬಿಡುವಿದ್ದಾಗ ಓದಿ ನೋಡಿ. ಟೋಸಾ ಎರಡು ಸಲ ಬರುತ್ತದೆ. ‘ಟೆರಿಯರ್‌ಗಳು’ ಎಂದು ಇಡೀ ಗುಂಪನ್ನೇ ಬರೆದುಬಿಟ್ಟಿದ್ದಾರೆ. ಅದನ್ನು ಅಕ್ಷರಶಃ ಹಿಡಿದರೆ, ಕೈಚೀಲದಲ್ಲಿ ಕೂರುವ 3 ಕೆಜಿಯ ಯಾರ್ಕ್‌ಶೈರ್ ಟೆರಿಯರ್ ಕೂಡ ನಿಷಿದ್ಧ.

ಇನ್ನು ಹೆಸರಿನ ವಿಷಯ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರಿಂದಲೇ ಉತ್ತರ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಯನ್ನು ಅದರ ಜೊತೆ ಹೋಲಿಸಿತು. ಒಂದೊಂದು ನಾಯಿಯ ಸ್ವಭಾವ ಇನ್ನೊಂದರಿಂದ ಬೇರೆಯಾಗುವುದರಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ ಎಂದು ಗೊತ್ತಾಯಿತು. ಎಷ್ಟು ಕೆಣಕಿದರೆ ಹಲ್ಲು ತೋರಿಸುತ್ತದೆ ಎನ್ನುವುದನ್ನಂತೂ ತಳಿ ನೋಡಿ ಊಹಿಸುವುದು ಇನ್ನೂ ಕಷ್ಟ. 2008ರ ಇನ್ನೊಂದು ಸಮೀಕ್ಷೆಯಲ್ಲಿ ಅಪರಿಚಿತರ ಮೇಲೂ ಸಾಕಿದವರ ಮೇಲೂ ಹೆಚ್ಚು ಹರಿಹಾಯುವ ನಾಯಿಗಳೆಂದು ಮೇಲೆ ಬಂದವು ಪುಟ್ಟ ಗಾತ್ರದ ಡ್ಯಾಶ್‌ಹಂಡ್ ಮತ್ತು ಚಿವಾವಾ.

ಹಾಗಾದರೆ ರಾಟ್‌ವೀಲರ್ ನಿರಪರಾಧಿಯೇ? ಹಾಗೆ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಡ್ಯಾಶ್‌ಹಂಡ್ ಕಚ್ಚಿದರೆ ಎರಡು ತೂತು. 46 ಕೆಜಿ ನಾಯಿ ಅದೇ ಕೋಪದಲ್ಲಿ ಕಚ್ಚಿದರೆ ಮೊದಲು ಮನುಷ್ಯ ಕೆಳಗೆ ಬೀಳುತ್ತಾನೆ, ಆಮೇಲೆ ಹಲ್ಲು. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಡಿತದಿಂದ ಆದ 238 ಸಾವುಗಳ ಲೆಕ್ಕದಲ್ಲಿ ಅರ್ಧಕ್ಕೂ ಹೆಚ್ಚರಲ್ಲಿ ಪಿಟ್‌ಬುಲ್ ಮಾದರಿಯ ನಾಯಿ ಅಥವಾ ರಾಟ್‌ವೀಲರ್ ಇದ್ದವು. ಇದನ್ನು ಬದಿಗೆ ತಳ್ಳುವಂತಿಲ್ಲ. ಆದರೆ ಅಲ್ಲೂ ಒಂದು ತೊಡಕಿದೆ: ನಾಯಿ ಯಾವುದು ಎಂದು ಬರೆದುಕೊಂಡವರು ಕಣ್ಣಂದಾಜಿನಲ್ಲಿ ಬರೆದದ್ದು ಹೆಚ್ಚು. ಅಲ್ಲಿನ ಆಶ್ರಯಧಾಮಗಳಲ್ಲಿ 120 ನಾಯಿಗಳ ಡಿಎನ್‌ಎ ಪರೀಕ್ಷಿಸಿದಾಗ ಸಿಬ್ಬಂದಿ ಪಿಟ್‌ಬುಲ್ ಎಂದದ್ದು 62, ನಿಜಕ್ಕೂ ಆ ರಕ್ತ ಇದ್ದದ್ದು 25.

ಅಮೆರಿಕದಲ್ಲೇ 2000ದಿಂದ 2009ರವರೆಗೆ ನಾಯಿ ಕಡಿತದಿಂದ ಆದ 256 ಸಾವುಗಳನ್ನು ಪೊಲೀಸ್ ದಾಖಲೆಗಳ ಸಮೇತ ಒಂದೊಂದಾಗಿ ಬಿಡಿಸಿ ನೋಡಿದ ಅಧ್ಯಯನ ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ. ಶೇ 87ರಲ್ಲಿ ಬಿಡಿಸಲು ಶಕ್ತರಾದ ಒಬ್ಬರೂ ಹತ್ತಿರ ಇರಲಿಲ್ಲ. ಶೇ 85ರಲ್ಲಿ ಸತ್ತವರಿಗೆ ಆ ನಾಯಿಯ ಪರಿಚಯ ಇರಲಿಲ್ಲ. ಶೇ 84ರಲ್ಲಿ ನಾಯಿಗೆ ಸಂತಾನಹರಣ ಆಗಿರಲಿಲ್ಲ. ಶೇ 76ರಲ್ಲಿ ನಾಯಿ ಮನೆಮಂದಿಯ ಜೊತೆ ಬೆಳೆದದ್ದಲ್ಲ. ಚೈನಿನಲ್ಲೋ, ಹಿತ್ತಲಿನ ಗೂಡಿನಲ್ಲೋ, ಕಾಂಪೌಂಡ್ ಕಾಯಲಿಕ್ಕೆಂದೇ ಇಟ್ಟದ್ದು. ಹೆಚ್ಚಿನ ಸಾವುಗಳಲ್ಲಿ ಇಂಥ ನಾಲ್ಕು ಅಥವಾ ಹೆಚ್ಚು ಕಾರಣ ಒಟ್ಟಿಗೆ ಸೇರಿದ್ದವು. ತಳಿ ಯಾವುದೆಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಶೇ 18ರಲ್ಲಿ ಮಾತ್ರ.

ಈಗ ನಿಮ್ಮ ಮನೆಯ ಲೆಕ್ಕ ಹಾಕಿ. ಹಗಲೆಲ್ಲ ಕಟ್ಟಿ ರಾತ್ರಿ ಬಿಡುವ ಪದ್ಧತಿ ಇದ್ದರೆ ನಿಲ್ಲಿಸಿ. ಗಿಡ್ಡ ಚೈನಿನ ನಾಯಿಗೆ ಬರುವವರಿಂದ ದೂರ ಸರಿಯುವ ದಾರಿ ಇರುವುದಿಲ್ಲ, ಆದ್ದರಿಂದ ಅದು ಮುನ್ನುಗ್ಗುವುದನ್ನೇ ಕಲಿಯುತ್ತದೆ; ಬರುವವರು ಹೋಗುವವರನ್ನೆಲ್ಲ ದಿನಕ್ಕೆ ಐವತ್ತು ಸಲ ಬೊಗಳಿ ‘ಓಡಿಸಿ’ ಗೆಲ್ಲುತ್ತದೆ. ಒಂದು ದಿನ ಚೈನಿನ ಕೊಕ್ಕೆ ಬಿಟ್ಟುಕೊಂಡರೆ ಆ ಅಭ್ಯಾಸವೇ ಬೀದಿಗೆ ಇಳಿಯುತ್ತದೆ. ಗೇಟಿನ ಒಳಗೆ ನಾಲ್ಕೈದು ಅಡಿ ಬಿಟ್ಟು ಎರಡನೇ ಗೇಟು ಹಾಕಿಸಿ, ಅದು ತಾನಾಗಿ ಮುಚ್ಚುವಂತೆ ಸ್ಪ್ರಿಂಗ್ ಇರಲಿ. ಹಾಲಿನವರು, ಕೊರಿಯರ್‌ನವರು ಮೊದಲ ಗೇಟಿನ ಆಚೆಯೇ ನಿಲ್ಲಲಿ. ಹೊರಗೆ ಕರೆದೊಯ್ಯುವಾಗ 5-6 ಅಡಿಯ ಗಟ್ಟಿ ಬಟ್ಟೆ ಪಟ್ಟಿ, ಎದೆಯ ಮುಂಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್. ಗುಂಡಿ ಒತ್ತಿದರೆ ಉದ್ದವಾಗುವ ಬಗೆಯ ಹಗ್ಗ ಈ ತೂಕಕ್ಕೆ ಬೇಡವೇ ಬೇಡ. ನಾಯಿ ಹಿಡಿಯುವವರು ಅದನ್ನು ನಿಲ್ಲಿಸಬಲ್ಲವರಾಗಿರಬೇಕು. ಹೈಸ್ಕೂಲ್ ಹುಡುಗನ ಕೈಗೆ ಕೊಟ್ಟು ಕಳಿಸುವುದು ಸಲ್ಲ.

ಸಂತಾನಹರಣದ ಬಗ್ಗೆ ಒಂದು ಎಚ್ಚರಿಕೆ. ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಗೇಟು ಹಾರುವುದು, ಗಂಡುಗಳ ಜಗಳ ಇವು ಕಡಿಮೆಯಾಗುತ್ತವೆ; ಹೆದರಿಕೆಯಿಂದ ಕಚ್ಚುವ ನಾಯಿಯ ಹೆದರಿಕೆ ಅದರಿಂದ ಹೋಗುವುದಿಲ್ಲ. ರಾಟ್‌ವೀಲರ್‌ಗೆ ಒಂದು ವರ್ಷ ತುಂಬುವ ಮೊದಲೇ ಮಾಡಿಸಿದರೆ ಮೂಳೆ ಕ್ಯಾನ್ಸರ್ ಸಾಧ್ಯತೆ ಹೆಚ್ಚು ಎಂಬುದಕ್ಕೆ ಆಧಾರ ಇದೆ. ನಿಮ್ಮದಕ್ಕೆ ಎರಡು ವರ್ಷ, ಈಗ ಮಾಡಿಸಬಹುದು.

ಸಂಘದವರಿಗೆ ಪರವಾನಗಿ, ರೇಬಿಸ್ ಲಸಿಕೆಯ ಪುಸ್ತಕ, ಎರಡನೇ ಗೇಟು ಈ ಮೂರನ್ನು ತೋರಿಸಿ. ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಎಂದು ಸಂಘಗಳು ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಇನ್ನೊಂದು ಬದಿಯೂ ನೆನಪಿರಲಿ: ನಿಮ್ಮ ಅಜಾಗರೂಕತೆಯಿಂದ ನಾಯಿ ಯಾರ ಜೀವಕ್ಕಾದರೂ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿ ತಳಿಯ ಮಾತೇ ಇಲ್ಲ.

ಪ್ರಶ್ನೆ: ಪಿಟ್‌ಬುಲ್ ಕಚ್ಚಿದರೆ ದವಡೆ ಬೀಗ ಬಿದ್ದಂತೆ ಆಗುತ್ತದಂತೆ, ಸತ್ತರೂ ಬಿಡುವುದಿಲ್ಲವಂತೆ. ಹೌದೇ? ಬಿಡಿಸುವುದು ಹೇಗೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೀಗ ಎಂಬುದು ಕಟ್ಟುಕಥೆ. ಪಿಟ್‌ಬುಲ್ ತಲೆಬುರುಡೆಯಲ್ಲಿ ಬೇರೆ ನಾಯಿಗಿಲ್ಲದ ಯಾವ ಕೀಲೂ ಇಲ್ಲ. ಇರುವುದು ಹಟ. ಇಂಗ್ಲೆಂಡಿನಲ್ಲಿ ಹೋರಿಯ ಮೂತಿ ಹಿಡಿದು ನೇತಾಡಲೆಂದು ಇವುಗಳ ಪೂರ್ವಜರನ್ನು ಬೆಳೆಸಿದರು. 1835ರಲ್ಲಿ ಆ ಆಟಕ್ಕೆ ನಿಷೇಧ ಬಿದ್ದ ಮೇಲೆ ನಾಯಿಗಳನ್ನೇ ಕಾದಾಟಕ್ಕೆ ಬಿಟ್ಟರು. ಹಿಡಿದದ್ದನ್ನು ಬಿಡದವೇ ಮುಂದಿನ ಸೂಲಿಗೆ ಉಳಿದವು. ಜರ್ಮನ್ ಶೆಫರ್ಡ್ ಸಾಮಾನ್ಯವಾಗಿ ಕಚ್ಚಿ, ಬಿಟ್ಟು, ಹಿಂದೆ ಸರಿಯುತ್ತದೆ. ಇದು ಹಿಡಿದು ತಲೆ ಕೊಡವುತ್ತದೆ. ಗಾಯ ದೊಡ್ಡದಾಗುವುದು ಆ ಕೊಡವುವಿಕೆಯಿಂದ.

ಹೊಡೆಯುವುದು, ಒದೆಯುವುದು, ಕಿರುಚುವುದು ಹಿಡಿತವನ್ನು ಬಿಗಿ ಮಾಡುತ್ತವೆ. ಎಳೆದರೆ ಮಾಂಸ ಹರಿಯುತ್ತದೆ. ಮಾಡಬೇಕಾದ್ದು ಇಷ್ಟು. ನಾಯಿಯ ಹಿಂದಿನಿಂದ ಬಂದು ಕಾಲರ್ ಹಿಡಿದುಕೊಳ್ಳಿ. ಕಾಲರ್ ಇಲ್ಲದಿದ್ದರೆ ಬೆಲ್ಟ್, ಟವಲ್, ದುಪ್ಪಟ್ಟಾ ಯಾವುದನ್ನಾದರೂ ಕುತ್ತಿಗೆಗೆ ಸುತ್ತಿ. ದವಡೆಯ ಹತ್ತಿರಕ್ಕೆ, ಕುತ್ತಿಗೆಯ ಮೇಲ್ಭಾಗಕ್ಕೆ ಅದನ್ನು ತಂದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚುತ್ತಾ ಬಿಗಿ ಮಾಡಿ. ಉಸಿರು ಸಿಗದಾಗ ಬಾಯಿ ತೆರೆಯುತ್ತದೆ, ಕೆಲವೊಮ್ಮೆ ಅರ್ಧ ನಿಮಿಷವೂ ಹಿಡಿಯಬಹುದು. ತೆರೆದ ತಕ್ಷಣ ಬಿಗಿ ಸಡಿಲಿಸಿ, ಆದರೆ ಕಾಲರ್ ಬಿಡಬೇಡಿ. ಬಿಟ್ಟರೆ ಎರಡನೇ ಸಲ ನುಗ್ಗುತ್ತದೆ. ಇನ್ನೊಬ್ಬರು ಗಾಯಾಳುವನ್ನು ಬಾಗಿಲೊಳಗೆ ಒಯ್ಯಬೇಕು. ನೀವೊಬ್ಬರೇ ಇದ್ದು ನಾಯಿ ಇನ್ನೂ ಎದುರಿನಿಂದ ಬರುತ್ತಿದ್ದರೆ ಚೀಲ, ಛತ್ರಿ, ಚಪ್ಪಲಿ, ಜಾಕೆಟ್ ಸಿಕ್ಕಿದ್ದನ್ನು ಅದರ ಬಾಯಿಗೆ ಕೊಡಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ಐದು ವರ್ಷ. ತಟ್ಟೆಯ ಹತ್ತಿರ ಹೋದರೆ ಇತ್ತೀಚೆಗೆ ಗುರ್ ಅನ್ನುತ್ತದೆ. ಮನೆಯಲ್ಲಿ 10 ತಿಂಗಳ ಮೊಮ್ಮಗು ಇದೆ. ‘ಲ್ಯಾಬ್ ತಾನೇ, ಏನೂ ಮಾಡಲ್ಲ, ಬೊಗಳುವ ನಾಯಿ ಕಚ್ಚುವುದಿಲ್ಲ’ ಎನ್ನುತ್ತಾರೆ ಮಗ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನಿಜಕ್ಕೂ ತುರ್ತಾದದ್ದು ಇದು, ರಾಟ್‌ವೀಲರ್ ಪತ್ರವಲ್ಲ. ಒಳ್ಳೆಯ ಹೆಸರಿನ ತಳಿಯೆಂದು ಎಚ್ಚರ ತಪ್ಪುವುದೂ ಅಪಾಯವೇ. ಮಗು ಅಂಬೆಗಾಲಿಡುವ ವಯಸ್ಸು, ಅದರ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ.

ಮುನ್ಸೂಚನೆ ಕೊಡದೆ ಕಚ್ಚುವ ನಾಯಿ ಕಡಿಮೆ. ತುಟಿ ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಂಚಿನಲ್ಲಿ ಬಿಳಿ ಅರ್ಧಚಂದ್ರ ಕಾಣುವಂತೆ ನೋಡುವುದು, ಇವು ಮೊದಲ ಸೂಚನೆ. ಆಮೇಲೆ ಅಗಿಯುವುದು ತಟ್ಟನೆ ನಿಂತು, ಬಾಯಿ ತಟ್ಟೆಯಲ್ಲೇ ಇದ್ದು, ಮೈ ಕಲ್ಲಾಗುತ್ತದೆ. ಮನೆಯವರು ಗಮನಿಸದೆ ಬಿಡುವ ಕ್ಷಣ ಇದೇ. ನಂತರ ಗುರ್, ನಂತರ ಗಾಳಿಯಲ್ಲಿ ಕಚ್ಚು, ನಂತರ ಹಲ್ಲು. ಗುರ್ ಅಂದಾಗ ಹೊಡೆದರೆ ನಾಯಿ ಕಲಿಯುವುದು ಗುರ್ ಅನ್ನಬಾರದು ಎಂದು. ತಟ್ಟೆಯ ಬಗೆಗಿನ ಆತಂಕ ಹಾಗೇ ಇರುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ‘ಏನೂ ಸೂಚನೆ ಕೊಡದೆ ಕಚ್ಚಿತು’ ಎನ್ನುವ ಬಹಳ ನಾಯಿಗಳ ಹಿಂದೆ ಇಂಥದ್ದೊಂದು ಪಾಠ ನಡೆದಿರುತ್ತದೆ.

‘ಇತ್ತೀಚೆಗೆ’ ಎಂದಿದ್ದೀರಿ, ಹಾಗಾಗಿ ಮೊದಲು ಪಶುವೈದ್ಯರ ಬಳಿ ಹೋಗಿ. ಲ್ಯಾಬ್‌ಗಳಲ್ಲಿ ಸೊಂಟದ ಕೀಲು ಸವೆತ, ಕಿವಿಯ ಸೋಂಕು, ಒಡೆದ ಹಲ್ಲು ಸಾಮಾನ್ಯ. ನೋವಿರುವ ನಾಯಿಗೆ ತಾಳ್ಮೆ ಕಡಿಮೆ. ಇಂದಿನಿಂದಲೇ ಊಟ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ. ನಾಯಿ ಹೊರಬಂದು ಬಾಗಿಲು ಮುಚ್ಚಿದ ಮೇಲೆ ತಟ್ಟೆ ಎತ್ತಿ. ಮೂಳೆ, ಬಿಸ್ಕತ್ತು ನೆಲದ ಮೇಲೆ ಉಳಿಯಕೂಡದು. ಮಗು ಮತ್ತು ನಾಯಿ ಒಂದೇ ಕೋಣೆಯಲ್ಲಿದ್ದರೆ ದೊಡ್ಡವರೊಬ್ಬರು ಅವರಿಬ್ಬರ ನಡುವೆ, ಮೊಬೈಲ್ ಇಲ್ಲದೆ.

ವೈದ್ಯರು ನೋವಿಲ್ಲ ಎಂದರೆ ತರಬೇತಿ ಶುರು ಮಾಡಬಹುದು. ದೊಡ್ಡವರು ಮಾತ್ರ ಮಾಡಬೇಕು. ನಾಯಿ ತಿನ್ನುವಾಗ ಅದು ಮೈ ಬಿಗಿ ಮಾಡದಷ್ಟು ದೂರದಲ್ಲಿ, ಅಂದಾಜು 8-10 ಅಡಿಯಲ್ಲಿ ನಿಂತು ಬೇಯಿಸಿದ ಕೋಳಿ ಚೂರೊಂದನ್ನು ತಟ್ಟೆಯತ್ತ ಎಸೆದು ಹಿಂದಿರುಗಿ. ಒಂದು ಊಟಕ್ಕೆ ಐದಾರು ಸಲ. ನಿಮ್ಮನ್ನು ಕಂಡು ಅದು ತಲೆ ಎತ್ತಿ, ಬಾಲ ಸಡಿಲವಾಗಿ ಆಡಿಸಿ ಕಾಯತೊಡಗಿದ ಮೇಲೆ ಅರ್ಧ ಅಡಿ ಹತ್ತಿರ. ಮೈ ಬಿಗಿಯಾಯಿತೋ, ಎರಡು ಅಡಿ ಹಿಂದಕ್ಕೆ. ವಾರಗಳು ಹಿಡಿಯುತ್ತವೆ. ಈಗಾಗಲೇ ಚರ್ಮ ತೂತಾಗುವಂತೆ ಕಚ್ಚಿದ್ದರೆ ಮಾತ್ರ ಇದನ್ನು ಮನೆಯಲ್ಲೇ ಮಾಡಹೋಗಬೇಡಿ, ಅನುಭವಿ ತರಬೇತುದಾರರನ್ನು ಕರೆಸಿ.

ಪ್ರಶ್ನೆ: ನಮ್ಮ ಪೊಮೇರಿಯನ್ ಆಟವಾಡುತ್ತಾ ಕೈಗೆ ಹಲ್ಲು ಊರಿತು, ಸ್ವಲ್ಪ ರಕ್ತ ಬಂತು. ಲಸಿಕೆ ಹಾಕಿಸಿದ ನಾಯಿ. ಇಂಜೆಕ್ಷನ್ ಬೇಕೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಅದು ರೇಬಿಸ್ ಅಪಾಯದ ಲೆಕ್ಕದಲ್ಲಿ ಮೂರನೇ, ಅಂದರೆ ಅತಿ ಗಂಭೀರ ವರ್ಗದ ಗಾಯ. ಹರಿಯುವ ನೀರು, ಸೋಪಿನಿಂದ 15 ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಬೇಡ. ಲಸಿಕೆ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರುತ್ತದೆ. ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಬಗ್ಗೆ ನೀವೇ ಕೇಳಿ, ಎಷ್ಟೋ ಕಡೆ ಅದು ತಪ್ಪಿಹೋಗುತ್ತದೆ. ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಿ, ಅದು ಆರೋಗ್ಯವಾಗಿದ್ದರೆ ಮುಂದಿನ ಡೋಸುಗಳ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ.

ಪ್ರಶ್ನೆ: ಅಡಿಕೆ ತೋಟ ಕಾಯಲು ಕಾಕೇಶಿಯನ್ ಶೆಫರ್ಡ್ ಮರಿ ತರೋಣವೆಂದಿದ್ದೇವೆ. ಮುಧೋಳ ಆಗುತ್ತದೆ ಎನ್ನುವವರೂ ಇದ್ದಾರೆ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಾಕೇಶಿಯನ್ ಬೇಡ. ಹಿಮದಲ್ಲಿ ತೋಳದಿಂದ ಕುರಿ ಕಾಯಲು ಬೆಳೆದ ನಾಯಿ. ಮೈಮೇಲೆ ಎರಡು ಪದರ ಉಣ್ಣೆ. ನಿಮ್ಮ ಏಪ್ರಿಲ್ ಸೆಕೆಯಲ್ಲಿ ಅದನ್ನು ಕೋಣೆಯಲ್ಲಿ ಕೂಡಿಹಾಕಬೇಕಾಗುತ್ತದೆ, ಕೂಡಿಹಾಕಿದರೆ ಸಿಡುಕುತ್ತದೆ. ಯಾರ ಅಪ್ಪಣೆಗೂ ಕಾಯದೆ ಅಪರಿಚಿತರ ಬಗ್ಗೆ ತಾನೇ ತೀರ್ಮಾನ ತೆಗೆದುಕೊಳ್ಳುವುದು ಅದರ ಹುಟ್ಟುಗುಣ, ನಿಮ್ಮ ತೋಟಕ್ಕೋ ದಿನಾ ಹೊಸ ಕೊನೆಗಾರರು, ಕೂಲಿಯವರು ಬರುತ್ತಾರೆ. ಮುಧೋಳ ಒಳ್ಳೆಯ ನಾಯಿ, ಆದರೆ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆನಾಯಿ. ಮೊಲದ ಹಿಂದೆ ಮೂರು ತೋಟ ದಾಟೀತು, ಗೇಟು ಕಾಯದು.

ಊರಿನ ನಾಟಿ ನಾಯಿಯ ಎರಡು ಮರಿ ಸಾಕು, ಬೇರೆ ಬೇರೆ ಸೂಲಿನವು. ತಾಯಿಯನ್ನು ನೋಡಿ ತನ್ನಿ: ನೀವು ಹೋದಾಗ ಬೊಗಳಿ, ಮನೆಯವರು ಸಮಾಧಾನ ಹೇಳಿದ ಮೇಲೆ ಹತ್ತಿರ ಬಂದು ಮೂಸುವ ತಾಯಿ ಒಳ್ಳೆಯದು, ಮೂಲೆಯಲ್ಲಿ ನಡುಗುವುದಾಗಲಿ ಬಿಡದೆ ನುಗ್ಗುವುದಾಗಲಿ ಆದರೆ ಆ ಮರಿ ಬೇಡ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಹಣ ಕೊಟ್ಟು ತಳಿನಾಯಿ ಕೊಳ್ಳುವವರಿಗೂ ಇದೇ ಮಾತು. ಕಿವಿ ಕತ್ತರಿಸಿ ನೆಟ್ಟಗೆ ನಿಲ್ಲಿಸಿದ ಮರಿ ತೋರಿಸುವವರಿಂದ ದೂರ ಇರಿ. ಅದು ಕ್ರೌರ್ಯ, ಮೇಲಾಗಿ ಕಿವಿ ಹಿಂದಕ್ಕೆ ಮಡಿಸಿ ‘ನನಗೆ ಭಯ’ ಎಂದು ಹೇಳುವ ದಾರಿಯನ್ನೇ ಆ ನಾಯಿಯಿಂದ ಕಿತ್ತುಕೊಂಡಂತೆ.

ಮರಿ ಬಂದ ಮೇಲೆ 14ನೇ ವಾರದೊಳಗೆ ತೋಟಕ್ಕೆ ಬರುವ ಎಲ್ಲ ಬಗೆಯ ಜನರನ್ನು ಅದು ಕಂಡಿರಬೇಕು: ಹೆಲ್ಮೆಟ್ ಹಾಕಿದವರು, ತಲೆಯ ಮೇಲೆ ಹೊರೆ ಹೊತ್ತವರು, ಕಂಬಳಿ ಕೊಪ್ಪೆ ಹಾಕಿದವರು, ಕಿರುಚುವ ಮಕ್ಕಳು, ಕೋಲು ಹಿಡಿದ ಅಜ್ಜ. ಪಾರ್ವೊ (ಮರಿಗಳಿಗೆ ಮಾರಕವಾದ ವೈರಸ್ ರೋಗ) ಲಸಿಕೆ ಪೂರ್ತಿ ಆಗುವವರೆಗೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಿ. ರಾತ್ರಿ ಅಡಿಕೆ ಒಣಗಿಸುವ ಅಂಗಳಕ್ಕೆ ಬೇಲಿ ಹಾಕಿ ಒಳಗೆ ಬಿಡಿ, ಕಟ್ಟಬೇಡಿ; ಮಲೆನಾಡಿನಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಚಿರತೆ ಸುಳಿವು ಇದ್ದರೆ ಮಲಗಲು ಮೇಲೂ ಮುಚ್ಚಿದ ಜಾಲರಿ ಗೂಡು ಮಾಡಿಸಿ.