ಸಣ್ಣ ಕರುಳಿನ ಮೂರು ಸ್ಲೈಡು ಗುರುತಿಸುವುದು ಹೇಗೆ?

ಮುಂದಿನ ವಾರ ಹಾಸನದಲ್ಲಿ ಪ್ರಾಕ್ಟಿಕಲ್ಸ್ ಇದೆ, ಸಣ್ಣ ಕರುಳಿನ ಭಾಗಗಳಾದ ಡಿಯೋಡಿನಮ್, ಜೆಜುನಮ್, ಇಲಿಯಮ್ ಮೂರೂ ಒಂದೇ ಥರ ಕಾಣುತ್ತವೆ ಅಂತ ಕೇಳಿದ್ದೀರಿ. ಗಾಬರಿ ಬೇಡ.

ವಿಲ್ಲೈ, ಅಂದರೆ ಒಳಪದರದ ಬೆರಳಿನಂಥ ಚಾಚುಗಳು, ಮೂರರಲ್ಲೂ ಇರುತ್ತವೆ. ಸುಮ್ನೆ ಅವನ್ನೇ ನೋಡುತ್ತಾ ಕೂರಬೇಡಿ. ಮೊದಲು ಲೋ ಪವರ್‌ನಲ್ಲಿ ಮಸ್ಕ್ಯುಲಾರಿಸ್ ಮ್ಯುಕೋಸಾ ಎಂಬ ತೆಳು ಸ್ನಾಯು ಪದರ ಹುಡುಕಿ. ಕ್ರಿಪ್ಟ್‌ಗಳ (ವಿಲ್ಲೈಗಳ ಬುಡದಿಂದ ಒಳಗಿಳಿಯುವ ಕೊಳವೆಯಂಥ ಗುಳಿಗಳು) ಬುಡದ ಕೆಳಗೆ ತೆಳುವಾದ ಗುಲಾಬಿ ಪಟ್ಟಿ ಇರುತ್ತದಲ್ವಾ, ಅದೇ. ಅದರ ಕೆಳಗೆ, ಸಬ್‌ಮ್ಯುಕೋಸಾ ಎಂಬ ಪದರದಲ್ಲಿ, ಮಸುಕು ಬಣ್ಣದ ಗ್ರಂಥಿಗಳು ಒತ್ತೊತ್ತಾಗಿ ತುಂಬಿದ್ದರೆ ಅವು ಬ್ರುನ್ನರ್ ಗ್ರಂಥಿಗಳು. ಉತ್ತರ ಡಿಯೋಡಿನಮ್. ಕ್ರಿಪ್ಟ್‌ಗಳನ್ನೇ ಬ್ರುನ್ನರ್ ಗ್ರಂಥಿ ಅಂದುಕೊಂಡು ಎಡವುವವರು ಜಾಸ್ತಿ. ಕ್ರಿಪ್ಟ್‌ಗಳು ಆ ಪಟ್ಟಿಯ ಮೇಲೆಯೇ ನಿಲ್ಲುತ್ತವೆ, ಅದನ್ನು ದಾಟುವುದಿಲ್ಲ.

ಗ್ರಂಥಿಗಳ ಬದಲು ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ದಟ್ಟ ನೇರಳೆ ಗುಂಪುಗಳು ಸಾಲಾಗಿ ಕಂಡರೆ ಪೇಯರ್ಸ್ ಪ್ಯಾಚ್, ಅಂದರೆ ಇಲಿಯಮ್. ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳೂ ಅಲ್ಲಿ ಜಾಸ್ತಿ. ಬ್ರುನ್ನರ್ ಗ್ರಂಥಿ, ಪೇಯರ್ಸ್ ಪ್ಯಾಚ್ ಎರಡೂ ಇಲ್ಲದೆ ಎತ್ತರದ ಮಡಿಕೆಗಳಿದ್ದರೆ ಜೆಜುನಮ್.

ಸಮಯ ಸಿಕ್ಕರೆ ಹೈ ಪವರ್‌ಗೆ ತಿರುಗಿಸಿ ಕ್ರಿಪ್ಟ್‌ನ ತಳ ನೋಡಿ. ಪ್ಯಾನೆತ್ ಕೋಶಗಳ ಕೆಂಪು ಕಣಗಳು ಬಹಳ ಚೆಂದ ಕಾಣುತ್ತವೆ! ಬ್ಯಾಕ್ಟೀರಿಯಾ ಕೊಲ್ಲುವ ಲೈಸೋಜೈಮ್ ಎಂಬ ಕಿಣ್ವ ಇರುವುದು ಆ ಕಣಗಳಲ್ಲೇ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಬ್ರುನ್ನರ್ ಗ್ರಂಥಿಯ ಕೆಲಸ ಕೇಳಿದರೆ, ಜಠರದಿಂದ ಬರುವ ಆಮ್ಲವನ್ನು ತಗ್ಗಿಸುವ ಕ್ಷಾರೀಯ ಲೋಳೆ ಸುರಿಸುವುದು ಅನ್ನಿ.