ವೀಲ್‌ಚೇರ್‌ನಲ್ಲಿ ಬೆಂಗಳೂರಿನ ಮೆಟ್ರೋ, ಬಸ್ ಹತ್ತಬಹುದಾ?

ತಂಗಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕಿದೆ, ಅವರು ವೀಲ್‌ಚೇರ್ ಬಳಸುತ್ತಾರೆ, ದಿನಾ ಒಬ್ಬರೇ ಓಡಾಡಲು ಆಗುತ್ತಾ, ಮನೆ ಎಲ್ಲಿ ಮಾಡಬೇಕು ಅಂತ ಕೇಳಿದ್ದೀರಿ. ಆಗುತ್ತದೆ. 2016ರಲ್ಲಿ ಮೆಜೆಸ್ಟಿಕ್ ಕೆಳಗಿನ ಮೆಟ್ರೋ ಸುರಂಗ ತೆರೆದಾಗಿನಿಂದ ನಾನು ವಿಜಯನಗರದಿಂದ ಇಂದಿರಾನಗರಕ್ಕೆ ವೀಲ್‌ಚೇರ್‌ನಲ್ಲೇ ಹೋಗಿಬರುತ್ತಿದ್ದೇನೆ.

ಮನೆಯನ್ನು ಮೆಟ್ರೋದ ನೇರಳೆ ಮಾರ್ಗದಲ್ಲೇ ನೋಡಿ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಒಂದೇ ರೈಲು. ಮೆಜೆಸ್ಟಿಕ್ ನೂಕುನುಗ್ಗಲಿನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಿಸುವ ಗೋಳಿಲ್ಲ. ಆದರೆ ಬ್ರೋಕರ್ "ಸ್ಟೇಷನ್‌ಗೆ ಐದೇ ನಿಮಿಷ ಸಾರ್" ಅಂದರೆ ನಂಬಬೇಡಿ. ಅದು ಕಾಲಿನ ಲೆಕ್ಕ. ಸ್ಟೇಷನ್‌ನ ಎಲ್ಲ ಬಾಗಿಲಲ್ಲೂ ಲಿಫ್ಟ್ ಇರುವುದಿಲ್ಲ. ಲಿಫ್ಟ್ ರಸ್ತೆಯ ಯಾವ ಬದಿಗೆ ಇಳಿಯುತ್ತದೋ ಆ ಬದಿಯಲ್ಲೇ ಹುಡುಕಿ.

ನನ್ನ ಮೊದಲ ಬಾಡಿಗೆ ಮನೆ ಲಿಫ್ಟ್‌ನಿಂದ ಮುನ್ನೂರು ಮೀಟರ್, ಅಷ್ಟೇ. ನಡುವೆ ಫುಟ್‌ಪಾತ್ ಮೇಲೆ ಬೈಕ್ ಹತ್ತಬಾರದು ಅಂತ ನೆಟ್ಟ ಕಂಬಗಳು. ಬೈಕ್‌ಗಳು ಹೇಗೋ ನುಸುಳುತ್ತಿದ್ದವು, ನನ್ನ ಕುರ್ಚಿ ಮಾತ್ರ ಸಿಕ್ಕಿಕೊಳ್ಳುತ್ತಿತ್ತು. ರಸ್ತೆಗಿಳಿದು ಎದುರು ಬರುವ ಟ್ರಾಫಿಕ್‌ನಲ್ಲಿ ಹೋಗುತ್ತಿದ್ದೆ. 11 ತಿಂಗಳ ಅಗ್ರಿಮೆಂಟ್ ಮುಗಿದಿದ್ದೇ ಮನೆ ಬದಲಿಸಿದೆ. ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ತಂಗಿಯನ್ನೇ ಕರೆತನ್ನಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ, ಮನೆ ಬಾಗಿಲಿಂದ ಪ್ಲಾಟ್‌ಫಾರ್ಮ್ ತನಕ ಒಮ್ಮೆ ಅವರೇ ಹೋಗಿ ನೋಡಲಿ. ನೀವು ತಳ್ಳಬೇಡಿ, ಸುಮ್ನೆ ಹಿಂದೆ ನಡೆಯಿರಿ.

ಸ್ಟೇಷನ್ ಒಳಗೆ ಕಷ್ಟ ಕಡಿಮೆ. ಅಗಲದ ಗೇಟ್ ಇದೆ, ಬೋಗಿಯಲ್ಲಿ ವೀಲ್‌ಚೇರ್‌ಗೆ ಜಾಗವಿದೆ. ರೈಲಿಗೆ ಹಿಮ್ಮುಖವಾಗಿ ಹತ್ತುವುದು ಒಳ್ಳೆಯದು. ಮುಂದಿನ ಪುಟ್ಟ ಚಕ್ರ ಪ್ಲಾಟ್‌ಫಾರ್ಮ್ ಮತ್ತು ರೈಲಿನ ನಡುವಿನ ಸಂದಿಗೆ ಸಿಕ್ಕಿದರೆ ಕುರ್ಚಿ ಮುಗ್ಗರಿಸುತ್ತದೆ.

ಬಸ್ ವಿಷಯ ಬೇರೆ. ಮೆಟ್ಟಿಲಿರುವ ಮಾಮೂಲಿ ಬಸ್ಸನ್ನು ಮರೆತುಬಿಡಿ. ನೆಲ ತಗ್ಗಾಗಿರುವ ವೋಲ್ವೋ, ಎಲೆಕ್ಟ್ರಿಕ್ ಬಸ್‌ಗಳಲ್ಲಿ ಮಡಚುವ ರ‍್ಯಾಂಪ್ ಇರುತ್ತದೆ. ಒಬ್ಬರೇ ಹತ್ತಬೇಕಾದರೆ ಒಂದಡಿ ಎತ್ತರಕ್ಕೆ 12 ಅಡಿ ಇಳಿಜಾರು ಬೇಕು ಅನ್ನುತ್ತದೆ ಕಟ್ಟಡಗಳ ಲೆಕ್ಕ. ಬಸ್ಸಿನಲ್ಲಿ ಅಷ್ಟು ಉದ್ದ ಎಲ್ಲಿಂದ ಬರಬೇಕು? ಫುಟ್‌ಪಾತ್‌ಗೆ ಒತ್ತಿ ನಿಲ್ಲಿಸಿದರೆ ಸರಿ. ನಡುರಸ್ತೆಯಲ್ಲೇ ನಿಲ್ಲಿಸಿದರೆ ಗೋಡೆ ಹತ್ತಿದ ಹಾಗೆ. ಕಂಡಕ್ಟರ್ ಇಳಿದು ತಳ್ಳಲೇಬೇಕು. ಆಫೀಸಿಗೆ ಹೋಗುವ ಗಡಿಬಿಡಿಯಲ್ಲಿ ಇದನ್ನು ನಂಬಿಕೊಳ್ಳಬೇಡಿ.

ಇನ್ನೊಂದು, ಮಳೆಗಾಲಕ್ಕೆ ಅವರ ಬ್ಯಾಗಲ್ಲಿ ಎರಡು ಜೊತೆ ಗ್ಲೌಸ್ ಇರಲಿ. ಚಕ್ರದ ಕೆಸರೆಲ್ಲ ಅಂಗೈಗೇ ಬರುವುದು.