ಡಲ್ಲಾಸ್‌ಗೆ ಹೊಸದಾಗಿ ಬಂದಿದ್ದೇವೆ. ನೂರಕ್ಕೆ ನೂರು ಹಸಿರು ಕರೆಂಟ್ ಅನ್ನುವ ಕಂಪನಿಗಳಲ್ಲಿ ಯಾವುದನ್ನು ನಂಬಬಹುದು?

2018ರ ಆಗಸ್ಟ್‌ನಲ್ಲಿ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಡಲ್ಲಾಸ್ ಪಕ್ಕದ ಇರ್ವಿಂಗ್‌ನ ಒಂದು ಹೋಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಕರೆಂಟ್ ನನ್ನ ಹೆಸರಿಗೆ ಆಗಿದೆ ಅಂತ ತೋರಿಸಿದರೆ ಮಾತ್ರ ಅಪಾರ್ಟ್‌ಮೆಂಟಿನ ಕೀ ಕೊಡುತ್ತೇವೆ ಅಂದಿದ್ದರು. ಮರುದಿನ ಬೆಳಿಗ್ಗೆಯೊಳಗೆ ಕಂಪನಿ ಆರಿಸಲೇಬೇಕಿತ್ತು.

ನಾನು ಚಿತ್ರದುರ್ಗದವನು. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ನೋಡುತ್ತಾ ಬೆಳೆದವನು. ಆದರೆ ಮನೆಗೆ ಬೆಸ್ಕಾಂ ಕೊಟ್ಟಿದ್ದೇ ಕರೆಂಟ್. ನನಗೆ ಗಾಳಿಯದ್ದೇ ಬೇಕು ಅನ್ನುವ ಹಾಗಿರಲಿಲ್ಲ. ಟೆಕ್ಸಾಸ್‌ನ ಬಹುಪಾಲು ಊರುಗಳಲ್ಲಿ 2002ರಿಂದ ಮನೆಯವರೇ ಕಂಪನಿ ಆರಿಸಿಕೊಳ್ಳಬಹುದು ಅಂತ ತಿಳಿದಾಗ ನಿಜಕ್ಕೂ ಖುಷಿಯಾಯಿತು. ಸರ್ಕಾರದ್ದೇ ಆದ ಪವರ್ ಟು ಚೂಸ್ ವೆಬ್‌ಸೈಟ್‌ಗೆ ಹೋದೆ, ಶೇ. 100 ನವೀಕರಿಸಬಹುದಾದದ್ದು ಮಾತ್ರ ತೋರಿಸು ಅಂದೆ, ದರದ ಪ್ರಕಾರ ಜೋಡಿಸಿದೆ. ಮೇಲೆಯೇ ಇತ್ತು: ಯೂನಿಟ್‌ಗೆ 7 ಸೆಂಟ್. ಕೆಳಗೆ 10 ಸೆಂಟಿನ ಇನ್ನೊಂದು ಹಸಿರು ಪ್ಲಾನ್ ಇತ್ತು, ದುಬಾರಿ ಅಂತ ಬಿಟ್ಟೆ. 12 ತಿಂಗಳಿಗೆ ಒಪ್ಪಿಕೊಂಡೆ.

ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಆ 7 ಸೆಂಟ್ ಅನ್ನುವುದು ತಿಂಗಳಿಗೆ ಸರಿಯಾಗಿ 1000 ಯೂನಿಟ್ ಸುಟ್ಟರೆ ಬೀಳುವ ದರ. ನಿಜವಾದ ದರ, ಮನೆಗೆ ಕರೆಂಟ್ ತರುವ ತಂತಿಯ ಶುಲ್ಕವೂ ಸೇರಿ, ಯೂನಿಟ್‌ಗೆ 16 ಸೆಂಟ್ ಇತ್ತು. 1000 ಯೂನಿಟ್ ಮುಟ್ಟಿದರೆ ಬಿಲ್ಲಿನಲ್ಲಿ 90 ಡಾಲರ್ ಕಳೆಯುತ್ತಿದ್ದರು. 160ರಲ್ಲಿ 90 ಹೋದರೆ 70 ಡಾಲರ್, ಅಂದರೆ 7 ಸೆಂಟ್. 999 ಯೂನಿಟ್ ಆದರೆ ಆ 90 ಇಲ್ಲವೇ ಇಲ್ಲ, ಸುಮಾರು 160 ಪೂರ್ತಿ ಕಟ್ಟಬೇಕು. ಒಂದು ಯೂನಿಟ್ ಕಡಿಮೆ ಬಳಸಿದ್ದಕ್ಕೆ 90 ಡಾಲರ್ ಜಾಸ್ತಿ! ಇದೆಲ್ಲ ಗುಟ್ಟಾಗಿಯೂ ಇರಲಿಲ್ಲ. ಇಲ್ಲಿ ಪ್ರತಿ ಪ್ಲಾನ್‌ಗೂ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಅಂತ ಒಂದು ಹಾಳೆ ಇರುತ್ತದೆ. ಅದರಲ್ಲಿ 500, 1000, 2000 ಯೂನಿಟ್‌ಗೆ ಬೇರೆ ಬೇರೆ ದರ ಹಾಕಿರುತ್ತಾರೆ. ನನ್ನದರಲ್ಲಿ 16, 7, 11.5 ಅಂತ ಇತ್ತು. ನಾನು ನಡುವಿನದನ್ನು ಮಾತ್ರ ನೋಡಿದ್ದೆ.

ಆಗಸ್ಟ್, ಸೆಪ್ಟೆಂಬರ್ ಸೆಕೆಗೆ ಎಸಿ ಓಡಿ 1000 ದಾಟಿತು. ಅಕ್ಟೋಬರ್‌ನಲ್ಲಿ 946 ಯೂನಿಟ್, ಬಿಲ್ಲು 151 ಡಾಲರ್. ಕಂಪನಿಗೆ ಫೋನ್ ಮಾಡಿದೆ, ಹಾಳೆಯಲ್ಲಿ ಬರೆದಿದೆಯಲ್ಲ ಅಂದರು. ಬರೆದಿತ್ತು. ಅಲ್ಲಿಂದ ಏಪ್ರಿಲ್‌ವರೆಗೆ ಒಂದು ತಿಂಗಳೂ 1000 ಮುಟ್ಟಲಿಲ್ಲ. ಆ ವರ್ಷ, ಬಿಟ್ಟುಬಿಟ್ಟಿದ್ದ 10 ಸೆಂಟಿನ ಪ್ಲಾನ್‌ಗಿಂತ ಸುಮಾರು 200 ಡಾಲರ್ ಹೆಚ್ಚು ಕಟ್ಟಿದೆ.

ದುಡ್ಡಿಗಿಂತ ಹೆಚ್ಚಾಗಿ ಮೇ ತಿಂಗಳ ಒಂದು ರಾತ್ರಿ ಮನಸ್ಸಿನಲ್ಲಿ ಉಳಿದಿದೆ. ಅಷ್ಟರಲ್ಲಿ ಸ್ಮಾರ್ಟ್ ಮೀಟರ್ ಟೆಕ್ಸಾಸ್ ಅನ್ನುವ ತಾಣದಲ್ಲಿ ದಿನದ ಲೆಕ್ಕ ನೋಡುವುದು ಕಲಿತಿದ್ದೆ. ಬಿಲ್ ತಿಂಗಳು ಮುಗಿಯಲು ಎರಡು ದಿನ ಇತ್ತು, 925 ಯೂನಿಟ್ ಆಗಿತ್ತು. ದಿನಕ್ಕೆ 30ರಂತೆ ಹೋದರೆ 985ಕ್ಕೆ ನಿಲ್ಲುತ್ತದೆ. ಎಸಿಯನ್ನು 20 ಡಿಗ್ರಿಗೆ ಇಳಿಸಿ ಬಾಲ್ಕನಿ ಬಾಗಿಲು ತೆಗೆದಿಟ್ಟೆ. ಖಾಲಿ ಓವನ್ ಹಚ್ಚಿದೆ. ಆಗ ಅಮ್ಮ ಊರಿಂದ ಬಂದಿದ್ದರು. ರಾತ್ರಿ ನೀರು ಕುಡಿಯಲು ಎದ್ದವರು ಓವನ್ ಬಾಗಿಲು ತೆಗೆದು ಬಗ್ಗಿ ನೋಡಿ, "ಏನಪ್ಪಾ ಇದು, ಒಳಗೆ ಏನೂ ಇಲ್ಲ, ಸುಮ್ನೆ ಉರಿತೈತೆ" ಅಂತ ಆರಿಸಿಬಿಟ್ಟರು. ರೂಮಿನಿಂದ ರೂಮಿಗೆ ಹೋಗುವಾಗ ಲೈಟ್ ಆರಿಸಿಯೇ ಹೋಗುವವರು ಅವರು. ಅವರೆದುರೇ ಎದ್ದು ಹೋಗಿ ಮತ್ತೆ ಹಚ್ಚಿದೆ. ಯಾಕೆ ಅಂತ ಹೇಳಲು ಬಾಯಿ ಬರಲಿಲ್ಲ. ಗಾಳಿ ಕರೆಂಟ್ ಬೇಕು ಅಂತ ಆಸೆಪಟ್ಟವನು 90 ಡಾಲರ್‌ಗಾಗಿ ಖಾಲಿ ಓವನ್ ಉರಿಸುತ್ತಿದ್ದೆ.

ಈಗ ನಿಮ್ಮ ಪ್ರಶ್ನೆ. ಯಾವ ಕಂಪನಿಯದ್ದು ನಿಜವಾದ ಹಸಿರು ಅಂತ ಹುಡುಕುವುದನ್ನೇ ಬಿಡಿ ಅನ್ನುತ್ತೇನೆ. ಯಾರ ಹತ್ತಿರ ಕೊಂಡರೂ ಡಲ್ಲಾಸ್‌ನಲ್ಲಿ ತಂತಿ ಆನ್‌ಕೋರ್ (Oncor) ಅನ್ನುವ ಕಂಪನಿಯದ್ದೇ, ಪ್ಲಗ್ಗಿನಲ್ಲಿ ಬರುವುದು ಎಲ್ಲರಿಗೂ ಅದೇ ಕರೆಂಟ್. ಗಾಳಿ ಅಥವಾ ಸೌರ ಸ್ಥಾವರ 1000 ಯೂನಿಟ್ ಉತ್ಪಾದಿಸಿದರೆ ಒಂದು ಪ್ರಮಾಣಪತ್ರ ಹುಟ್ಟುತ್ತದೆ. ನೀವು ಬಳಸಿದಷ್ಟಕ್ಕೆ ನಿಮ್ಮ ಕಂಪನಿ ಆ ಪತ್ರಗಳನ್ನು ಹೊಂದಿಸುತ್ತದೆ, ಅದಕ್ಕೇ ಹಸಿರು ಅನ್ನುತ್ತಾರೆ. ಮೋಸವಲ್ಲ, ಆದರೆ ಅದಕ್ಕೋಸ್ಕರ ಯೂನಿಟ್‌ಗೆ ಎರಡು ಮೂರು ಸೆಂಟ್ ಜಾಸ್ತಿ ಕೇಳಿದರೆ ಕೊಡಬೇಡಿ. ಹೆಚ್ಚುಕಡಿಮೆ ಅದೇ ದರಕ್ಕೆ ಸಿಕ್ಕರೆ ಖಂಡಿತ ತೆಗೆದುಕೊಳ್ಳಿ, ನಾನೂ ತೆಗೆದುಕೊಂಡಿದ್ದೇನೆ.

ಇಲ್ಲಿ ಗಾಳಿ ಕರೆಂಟ್ ಇಷ್ಟು ಬೆಳೆಯಲು ಮುಖ್ಯ ಕಾರಣ ನನ್ನಂಥವರ ಪ್ಲಾನ್ ಆಯ್ಕೆ ಅಂತ ನಾನು ಈಗ ನಂಬುವುದಿಲ್ಲ. ಪಶ್ಚಿಮ ಟೆಕ್ಸಾಸ್‌ನಿಂದ ಊರುಗಳ ಕಡೆಗೆ ಸುಮಾರು 3,600 ಮೈಲಿ ಹೈಟೆನ್ಷನ್ ಲೈನ್ ಎಳೆದರು, ಸುಮಾರು 700 ಕೋಟಿ ಡಾಲರ್ ಖರ್ಚಾಯಿತು, 2014ರ ಹೊತ್ತಿಗೆ ಕೆಲಸ ಮುಗಿಯಿತು. ಆ ಖರ್ಚು ಹಸಿರು ಪ್ಲಾನ್‌ನವರು, ಉಳಿದವರು ಅನ್ನದೆ ಎಲ್ಲರ ಬಿಲ್ಲಿಗೂ ಹಂಚಿಹೋಗಿದೆ. ಅಮ್ಮನನ್ನು ಐ-20 ಹೆದ್ದಾರಿಯಲ್ಲಿ ಆ ಕಡೆಯ ಸ್ವೀಟ್‌ವಾಟರ್ ಊರಿನವರೆಗೆ ಕರೆದುಕೊಂಡು ಹೋಗಿದ್ದೆ. ಕಣ್ಣು ಹಾಯಿಸಿದಷ್ಟೂ ಗಾಳಿಯಂತ್ರ. "ನಮ್ಮ ಗುಡ್ಡದವೇ ಇಲ್ಲಿಗೂ ಬಂದಾವೆ" ಅಂದರು.

ಹಾಗಾಗಿ ಎಷ್ಟು ಬಳಸಿದರೂ ಯೂನಿಟ್‌ಗೆ ಒಂದೇ ದರ ಇರುವ ಪ್ಲಾನ್ ಹಿಡಿಯಿರಿ. ಲೇಬಲ್ ಹಾಳೆಯಲ್ಲಿ 500 ಯೂನಿಟ್‌ಗೆ ಹಾಕಿದ ದರಕ್ಕೂ 1000 ಯೂನಿಟ್‌ಗೆ ಹಾಕಿದ ದರಕ್ಕೂ ಒಂದೆರಡು ಸೆಂಟಿಗಿಂತ ಹೆಚ್ಚು ಅಂತರ ಇದ್ದರೆ ಆ ಹಾಳೆ ಮುಚ್ಚಿಬಿಡಿ. ಒಪ್ಪಂದ ಮುಗಿಯುವ ತಾರೀಖನ್ನು ಫೋನಿನಲ್ಲಿ ಹಾಕಿಕೊಳ್ಳಿ. ಕೊನೆಯ 14 ದಿನಗಳಲ್ಲಿ ದಂಡವಿಲ್ಲದೆ ಕಂಪನಿ ಬದಲಿಸಬಹುದು. ಮನೆ ಎಷ್ಟು ಚದರಡಿ, ಒಲೆ ಮತ್ತು ಹೀಟರ್ ಗ್ಯಾಸಿನದ್ದೋ ಕರೆಂಟಿನದ್ದೋ ಅಂತ ಕೆಳಗೆ ಬರೆಯಿರಿ, ತಿಂಗಳಿಗೆ ಎಷ್ಟು ಯೂನಿಟ್ ಆಗಬಹುದು ಅಂತ ಕೂತು ಲೆಕ್ಕ ಹಾಕಿ ಕೊಡುತ್ತೇನೆ.